ಮೂರನೇ ರೀಲಿನ ಕೊನೆಯ ಎರಡು ಸೆಕೆಂಡು

ಅವನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಡುವೆ ಎಲ್ಲೋ ನೀವೇ ಕಂಡುಹಿಡಿದು ನಗುವುದಕ್ಕಿಂತ ವಾಸಿ. ಅವನು ಮೈಸೂರಿನವನು, ನಾನು ಗದಗಿನವನು. ಜರ್ಮನಿ ಕಂಪ್ಯೂಟರ್ ಜನರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ಕಾಲದಲ್ಲಿ ಆರು ತಿಂಗಳ ಅಂತರದಲ್ಲಿ ಬಂದವರು. ಇಬ್ಬರೂ ಮೊದಲು ಸೇರಿದ ಕಂಪನಿಗಳು ವರ್ಷ ತುಂಬುವುದರೊಳಗೆ ಬಾಗಿಲು ಹಾಕಿದ್ದರಿಂದ ಮ್ಯಾನ್‌ಹೈಮಿನ ಬಂದರಿನ ಹತ್ತಿರದ ಒಂದು ಪುಟ್ಟ ಸಂಸ್ಥೆಗೆ ಬಂದು ಬಿದ್ದಿದ್ದೆವು. ಹಳೆಯ ಚಲನಚಿತ್ರಗಳನ್ನು ಡಿವಿಡಿ ಮಾಡಿ ಮಾರುವುದು ಅವರ ಕಸುಬು. ನಮ್ಮಿಬ್ಬರ ಮೇಜುಗಳು ಎದುರುಬದುರು ಇದ್ದವು. ತಲೆ ಎತ್ತಿದರೆ ಅವನ ಮುಖವೇ ಕಾಣುತ್ತಿತ್ತು.

ಆ ವರ್ಷ ನಮ್ಮ ಕೈಗೆ ಬಂದದ್ದು ಸ್ಟುಡಿಯೋಗಳ ಕಾಲದ ಒಬ್ಬ ಹಾಲಿವುಡ್ ಮನುಷ್ಯನ ಆರು ಚಿತ್ರಗಳು. ಡಿವಿಡಿಗಳ ಮೊದಲ ಡಬ್ಬಿಯಲ್ಲಿ ಎರಡು, ಆಮೇಲಿನದರಲ್ಲಿ ನಾಲ್ಕು. ಒಂದು ಕಾಲಕ್ಕೆ ಇಲ್ಲಿಯ ಟೀವಿಯಲ್ಲಿ ಜರ್ಮನ್ ಮಾತಿನೊಂದಿಗೆ ಬಂದು ಹೋಗಿದ್ದರಿಂದ ವಯಸ್ಸಾದವರಿಗೆ ಅವನ ಹೆಸರು ಚೆನ್ನಾಗಿ ಗೊತ್ತಿತ್ತು. ಕೆಲಸ ಶುರುವಾದ ದಿನವೇ ಸಂಪಾದಕಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಅವರು ಐವತ್ತು ದಾಟಿದ, ಮಾತು ಕಡಿಮೆಯ ಜರ್ಮನ್ ಹೆಂಗಸು; ಆ ಸಂಸ್ಥೆಯಲ್ಲಿ ಅವರ ಮಾತೇ ಕೊನೆಯದು.

"ಮೊದಲ ಡಬ್ಬಿಗೆ ನೀವಿಬ್ಬರೂ ಬೇಕು. ಮುಂದಿನ ನಾಲ್ಕು ಚಿತ್ರಗಳಿಗೆ ಒಬ್ಬರನ್ನು ಮಾತ್ರ ಇಟ್ಟುಕೊಳ್ಳಬಲ್ಲೆ. ಯಾರನ್ನು ಎಂದು ಡಬ್ಬಿ ಮುಗಿದ ಮೇಲೆ ಹೇಳುತ್ತೇನೆ."

ಈ ದೇಶದಲ್ಲಿ ಇರುವ ನಮ್ಮ ಪರವಾನಗಿ ಕೆಲಸಕ್ಕೆ ಗಂಟುಹಾಕಿಕೊಂಡಿತ್ತು. ಕೆಲಸ ಹೋದರೆ ಆರ್ಬೈಟ್ಸ್ಆಮ್ಟ್ ಎಂಬ ಉದ್ಯೋಗ ಕಚೇರಿಯ ಸಾಲಿನಲ್ಲಿ ನಿಂತು, ಔಸ್ಲೆಂಡರ್‌ಬೆಹ್ಯೋರ್ಡೆ ಎಂಬ ವಿದೇಶಿಯರ ಕಚೇರಿಯ ಕಿಟಕಿಯಲ್ಲಿ ಕಾಗದ ತೋರಿಸಿ, ಇನ್ನೊಂದು ಕೆಲಸ ಸಿಗುವತನಕ ಉಸಿರು ಬಿಗಿಹಿಡಿಯಬೇಕು. ನನಗೆ ಹೆಂಡತಿಯೂ ಕಿಂಡರ್‌ಗಾರ್ಟನ್ನಿಗೆ ಹೋಗುವ ಮಗಳೂ ಇದ್ದರು. ಅವನು ಒಂಟಿ. ಅಂದಮೇಲೆ ಉಳಿಯಬೇಕಾದವನು ನಾನೇ ಎಂದು ಅಲ್ಲೇ, ಆ ಕುರ್ಚಿಯಲ್ಲೇ ಲೆಕ್ಕ ಹಾಕಿದ್ದೆ.

ಕೆಲಸ ಹಂಚಿದ್ದು ಹೀಗೆ. ಚಿತ್ರವನ್ನು ಟೇಪಿನಿಂದ ಡಿಸ್ಕಿಗೆ ಇಳಿಸುವುದು ನನ್ನದು. ಮೆನು, ಸಬ್‌ಟೈಟಲ್ ಅವನದು. ಆದರೆ ಅವನು ಮೈಸೂರಿನಲ್ಲೇ ಜರ್ಮನ್ ಕಲಿತು ಬಂದವನು. ಇಲ್ಲಿಯವರು ಮೆಚ್ಚುವ ಹಾಗೆ ಬರೆಯುತ್ತಿದ್ದ. ಡಬ್ಬಿಯ ಜೊತೆ ಕೊಡುವ ಪುಟ್ಟ ಪುಸ್ತಕಕ್ಕೆ ಲೇಖನ ಬರೆಯಬೇಕಿದ್ದ ಪ್ರೊಫೆಸರರು ಕೈಕೊಟ್ಟಾಗ ಇವನು ಒಂದು ವಾರದಲ್ಲಿ ಬರೆದು ತಂದ. ಸಂಪಾದಕಿ ನಿಂತಲ್ಲೇ ಓದಿ, "ಇದೇ ಇರಲಿ" ಎಂದರು. ಲೇಖನದ ಕೆಳಗೆ ಅವನ ಪೂರ್ತಿ ಹೆಸರು ಬರುತ್ತದೆ. ಡಿಸ್ಕ್ ಮಾಡಿದವನ ಹೆಸರು ಡಬ್ಬಿಯ ಮೇಲೆ ಎಲ್ಲೂ ಬರುವುದಿಲ್ಲ, ಅದು ಅಲ್ಲಿಯ ರೂಢಿ. ಆವತ್ತು ಮಧ್ಯಾಹ್ನ ನಾನು ತಂದ ಬುತ್ತಿ ತೆರೆಯಲೇ ಇಲ್ಲ.

ಲೇಖನ ಆ ಹಾಲಿವುಡ್ ಮನುಷ್ಯನ ಬದುಕಿನ ಬಗ್ಗೆ. ಅವನು ಪತ್ರಿಕೆಯ ವರದಿಗಾರನಾಗಿದ್ದವನು, ಮೂಕಿ ಚಿತ್ರಗಳ ಕೊನೆಗಾಲದಲ್ಲಿ ಒಂದು ಸ್ಟುಡಿಯೋದ ಕಥಾ ವಿಭಾಗ ಸೇರಿದ. ಪರದೆಯ ಮೇಲೆ ನಡುನಡುವೆ ಬರುವ ಬರಹವನ್ನು ಬರೆಯುತ್ತಿದ್ದ. ಮಾತಿನ ಚಿತ್ರ ಬಂದಮೇಲೆ ಸಂಭಾಷಣೆಗೆ ಕೂತ. ಒಂದೇ ಕಥೆಗೆ ನಾಲ್ಕು ಜನರನ್ನು ಹಚ್ಚಿ, ಒಬ್ಬ ಬರೆದದ್ದನ್ನು ಇನ್ನೊಬ್ಬನಿಂದ ತಿದ್ದಿಸಿ, ಕೊನೆಗೆ ಯಾರದೋ ಹೆಸರು ಹಾಕುವುದು ಅಲ್ಲಿಯ ಪದ್ಧತಿ. ಹತ್ತು ವರ್ಷ ಹಾಗೆ ದುಡಿದು, ತಿದ್ದಿಸುವವನ ಕುರ್ಚಿಯೇ ತನಗೆ ಬೇಕೆಂದು ನಿರ್ಮಾಪಕನಾದ. ನಿರ್ಮಾಪಕನಾದರೂ ಸೆಟ್ಟಿನಲ್ಲಿ ನಿರ್ದೇಶಕರು ತನ್ನ ಸಾಲುಗಳನ್ನು ನುಂಗಿಹಾಕುವುದು ತಪ್ಪಲಿಲ್ಲ. ಆಗ ತಾನೇ ನಿರ್ದೇಶನಕ್ಕೂ ಇಳಿದ. ಆರೇ ಚಿತ್ರ ಮಾಡಿದ. ಕೊನೆಯದು ಸೋತಾಗ ಸ್ಟುಡಿಯೋ ಗೇಟಿನ ಕಾವಲುಗಾರನೇ ಅವನನ್ನು ಒಳಗೆ ಬಿಡಲಿಲ್ಲವಂತೆ.

ಮೈಸೂರಿನವನು ಇದನ್ನೆಲ್ಲ ಕಲೆಯ ಮೇಲಿನ ಪ್ರೀತಿ ಎಂದು ಬರೆದಿದ್ದ. ನನಗೆ ಓದಿದ ಕೂಡಲೇ ಗೊತ್ತಾಗಿತ್ತು, ಇದು ಶುದ್ಧ ಹೊಟ್ಟೆಕಿಚ್ಚು. ತನ್ನ ಮಾತನ್ನು ಬೇರೆಯವನ ಹೆಸರಿನಲ್ಲಿ ಕೇಳಿಸಿಕೊಂಡ ಮನುಷ್ಯನ ಉರಿ ಅವನನ್ನು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಓಡಿಸಿತ್ತು. ಆ ಡಬ್ಬಿಯ ಕೆಲಸದಲ್ಲಿ ನನಗೆ ಆತ್ಮೀಯ ಎನಿಸಿದವನೆಂದರೆ ಆ ಸತ್ತ ಅಮೆರಿಕನ್ ಒಬ್ಬನೇ.

ಇನ್ನು ನನ್ನ ಕೆಲಸ. ಒಂದು ಪೂರ್ಣ ಚಿತ್ರ, ಎರಡು ಭಾಷೆಯ ಧ್ವನಿ, ಜೊತೆಗೆ ಇನ್ನಷ್ಟು ತುಣುಕುಗಳು ಸೇರಿದರೆ ಡಿಸ್ಕಿನ ಒಂದು ಪದರದಲ್ಲಿ ಹಿಡಿಸುವುದಿಲ್ಲ. ಅದಕ್ಕೆ ಎರಡು ಪದರದ ಡಿಸ್ಕ್. ಮೊದಲ ಪದರ ಮುಗಿದು ಎರಡನೆಯದಕ್ಕೆ ದಾಟುವಾಗ ಆಗಿನ ಪ್ಲೇಯರುಗಳು ಅರ್ಧ ಸೆಕೆಂಡು ತಡವರಿಸುತ್ತಿದ್ದವು. ಚಿತ್ರ ಗಕ್ಕನೆ ನಿಂತು ಮತ್ತೆ ಹೊರಡುತ್ತಿತ್ತು. ಆ ತಡವರಿಕೆ ನೋಡುವವರ ಕಣ್ಣಿಗೆ ಬೀಳದಂಥ ಜಾಗವನ್ನು ಚಿತ್ರದ ಸುಮಾರು ನಡುಭಾಗದಲ್ಲಿ ಹುಡುಕಬೇಕು. ನಾನು ಮೊದಲು ಇಟ್ಟ ಜಾಗದಲ್ಲಿ ನಾಯಕಿಯ ಮಾತು ಅರ್ಧಕ್ಕೆ ನಿಂತಿತು. ಎರಡನೇ ಸಲ ಕಾರೊಂದು ರಸ್ತೆಯ ನಡುವೆ ಬಿಕ್ಕಿತು. ಸಂಪಾದಕಿ ಎರಡು ಮಾದರಿ ಡಿಸ್ಕುಗಳನ್ನೂ ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಎದುರಿನ ಮೇಜಿನಿಂದ ಸಮಾಧಾನ ಬಂತು.

"ಟೆನ್ಶನ್ ತಗೋಬೇಡ ಗುರು, ಆಗುತ್ತೆ. ಫಸ್ಟ್ ಟೈಮ್ ಅಲ್ವಾ?"

ಆ ಸಮಾಧಾನ ಮೈಮೇಲೆ ಬಿಸಿನೀರು ಹುಯ್ದಂತಾಯಿತು.

ಮೂರನೇ ಸಲ ದಾರಿ ತೋರಿಸಿದ್ದು ನಮ್ಮ ಕಾಕಾ. ಅವನು ಗದಗಿನ ಒಂದು ಟಾಕೀಸಿನಲ್ಲಿ ಇಪ್ಪತ್ತು ವರ್ಷ ಆಪರೇಟರ್ ಆಗಿದ್ದ. ಇಂಜಿನಿಯರಿಂಗ್ ಓದುವಾಗ ರಜೆಯಲ್ಲಿ ನಾನೂ ಅವನ ಕ್ಯಾಬಿನ್ನಿನಲ್ಲಿ ರೀಲು ಸುತ್ತಿದ್ದೇನೆ, ಹರಿದದ್ದನ್ನು ಅಂಟಿಸಿದ್ದೇನೆ. ನಮ್ಮ ಊರಿಗೆ ಬರುವ ಪ್ರಿಂಟು ಹತ್ತಾರು ಊರು ತಿರುಗಿ ಸವೆದಿರುತ್ತಿತ್ತು. ಎಲ್ಲಕ್ಕಿಂತ ಮೊದಲು ಸಾಯುವುದು ರೀಲಿನ ತುದಿ. ರೀಲು ಮುಗಿದಾಗ ಒಂದು ಪ್ರೊಜೆಕ್ಟರಿನಿಂದ ಇನ್ನೊಂದಕ್ಕೆ ದಾಟಿಸುವಾಗ ಪ್ರತಿ ಊರಿನ ಆಪರೇಟರೂ ಒಂದೆರಡು ಅಡಿ ಹರಿದು, ಕತ್ತರಿಸಿ, ಅಂಟಿಸಿ ಕಳಿಸಿರುತ್ತಾನೆ. ಮುಖ್ಯವಾದ ಮಾತು ಅಲ್ಲಿದ್ದರೆ ಅದು ಹೋಯಿತೆಂದೇ ಲೆಕ್ಕ. ಕಾಕಾ ಕತ್ತರಿ ಹಿಡಿದು ಗೊಣಗುತ್ತಿದ್ದ: "ಕತಿ ಬರದಾಂವ ಶಾಣ್ಯಾ ಇದ್ರ ರೀಲಿನ ಬಾಲ ನಮಗಂತ ಬಿಟ್ಟಿರ್ತಾನ. ಇಲ್ಲಿ ನೋಡಿದ್ರ ಹೀರೋ ಸಾಯೂದನ್ನ ಬಾಲದಾಗ ಇಟ್ಟಾನ!"

ಹಾಗಾದರೆ ರೀಲುಗಳ ತುದಿ ನೋಡೋಣ ಎಂದು ಹೊರಟೆ. ಚಿತ್ರವನ್ನು ಡಿಸ್ಕಿಗೆ ಕುಗ್ಗಿಸುವ ಮೆಷಿನ್ನು ಮೊದಲ ಸುತ್ತಿನಲ್ಲಿ ಇಡೀ ಚಿತ್ರವನ್ನು ಓದಿ ಒಂದು ನಕ್ಷೆ ಬರೆಯುತ್ತದೆ. ಪರದೆಯ ಮೇಲೆ ಹೆಚ್ಚು ಚಲನೆ ಇದ್ದಲ್ಲಿ ಗುಡ್ಡ, ಕಡಿಮೆ ಇದ್ದಲ್ಲಿ ತಗ್ಗು. ಡಬ್ಬಿಯ ಆ ಮೊದಲ ಚಿತ್ರಕ್ಕೆ ಐದು ರೀಲು. ನಕ್ಷೆ ನೋಡಿದರೆ ರೀಲು ಮುಗಿಯುವ ಒಂದೊಂದು ಜಾಗದಲ್ಲೂ ಬಾವಿಯಂಥ ಒಂದು ಗುಂಡಿ, ಎರಡೆರಡು ಸೆಕೆಂಡಿನದು. ಮೂರನೇ ರೀಲಿನ ಕೊನೆ ಹಾಕಿ ನೋಡಿದೆ. ನಾಯಕ ನಮ್ಮ ಕಡೆ ಬೆನ್ನು ಮಾಡಿ, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ಕದಲುವುದಿಲ್ಲ. ಎರಡು ಸೆಕೆಂಡು ಹಾಗೇ ನಿಂತು, ಮುಂದಿನ ರೀಲಿನಲ್ಲಿ ಹೊರಗೆ ಬರುತ್ತಾನೆ. ಮೊದಲ ರೀಲಿನ ಕೊನೆಯಲ್ಲಿ ಮೆಟ್ಟಿಲ ಮೇಲೆ ನಿಂತ ಮುದುಕಿ. ಎರಡನೆಯದರಲ್ಲಿ ಕಿಟಕಿಯ ಬಳಿ ನಾಯಕಿ. ಎಲ್ಲರೂ ಎರಡು ಸೆಕೆಂಡು ಕಲ್ಲು.

ಈ ಮನುಷ್ಯ ಬರೆಯುವಾಗಲೇ ರೀಲು ಎಲ್ಲಿ ಮುಗಿಯುತ್ತದೆಂದು ಲೆಕ್ಕ ಹಾಕಿ, ಸಣ್ಣ ಊರಿನ ಆಪರೇಟರುಗಳು ಹರಿದುಕೊಳ್ಳಲೆಂದು ಎರಡು ಸೆಕೆಂಡು ಬಿಟ್ಟುಕೊಟ್ಟಿದ್ದಾನೆ! ಬರಹಗಾರನೂ ನಿರ್ಮಾಪಕನೂ ನಿರ್ದೇಶಕನೂ ಒಬ್ಬನೇ ಆಗಿದ್ದರೆ ಮಾತ್ರ ಆಗುವ ಕೆಲಸ. ಇದನ್ನು ಯಾವ ಪ್ರೊಫೆಸರನೂ ಕಂಡಿಲ್ಲ. ನಾನು ಕಂಡಿದ್ದೇನೆ, ಗದಗಿನವನು.

ಪದರ ದಾಟುವ ಜಾಗವನ್ನು ಮೂರನೇ ರೀಲಿನ ಕೊನೆಗಿಟ್ಟೆ. ಪ್ಲೇಯರ್ ಅಲ್ಲಿ ತಡವರಿಸಿದ್ದು ಯಾರಿಗೂ ಕಾಣಲಿಲ್ಲ. ಸಂಪಾದಕಿ "ಗೂಟ್" ಎಂದರು, ಒಳ್ಳೆಯದು ಎಂದು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಬಾಯಿ ತಡೆಯಲಿಲ್ಲ. ಊಟದ ಹೊತ್ತಿಗೆ ನೆಕ್ಕರ್ ನದಿಯ ದಂಡೆಯ ಬೆಂಚಿನಲ್ಲಿ ಕೂತು, ಕಾಕಾನಿಂದ ಹಿಡಿದು ಬಾಗಿಲ ಹಿಡಿಕೆಯ ತನಕ ಎಲ್ಲವನ್ನೂ ಮೈಸೂರಿನವನ ಮುಂದೆ ಕೊಚ್ಚಿಕೊಂಡೆ. ಅವನು ತಿನ್ನುತ್ತಿದ್ದ ಬ್ರೆಡ್ಡನ್ನು ಕೆಳಗಿಟ್ಟ.

"ಗುರು, ಇದು ಸಖತ್ತಾಗಿದೆ. ಯಾರೂ ನೋಡಿಲ್ಲ ಇದನ್ನ."

"ಯಾರು ನೋಡ್ತಾರ? ಕ್ಯಾಬಿನ್ನಿನ ವಾಸನಿ ಕುಡದಾವರಿಗೆ ಅಷ್ಟ ಗೊತ್ತಾಗೂ ಮಾತಿದು" ಎಂದು ಮೀಸೆ ತಿರುವಿದೆ.

ಹತ್ತು ದಿನಕ್ಕೆ ಪುಸ್ತಕ ಮುದ್ರಣವಾಗಿ ಬಂತು. ಹನ್ನೊಂದನೇ ಪುಟದಲ್ಲಿ ಇಡೀ ಒಂದು ಪ್ಯಾರಾ: ಈ ನಿರ್ದೇಶಕ ರೀಲಿನ ತುದಿಯನ್ನು ಹೇಗೆ ಆಪರೇಟರುಗಳಿಗೆಂದು ಬಿಟ್ಟುಕೊಡುತ್ತಿದ್ದ, ಆ ನಿಶ್ಚಲತೆಯೇ ಹೇಗೆ ಅವನ ಶೈಲಿಯಾಯಿತು ಎಂದು. ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ ನನ್ನದೇ ಮಾತು ನನಗೇ ಹೊಸದಾಗಿ ಕಂಡಿತು. ನನ್ನ ಹೆಸರು ಹುಡುಕಿದೆ. ಕೊನೆಯ ಪುಟದಲ್ಲಿ, "ತಾಂತ್ರಿಕ ತಂಡಕ್ಕೆ ವಂದನೆಗಳು." ಆ ತಂಡದಲ್ಲಿ ಇದ್ದವನು ನಾನೊಬ್ಬನೇ.

"ಥ್ಯಾಂಕ್ಸ್ ಹಾಕಿದೀನಿ ನೋಡಿದ್ಯಾ?" ಎಂದು ಅವನೇ ಕೇಳಿದ. ಕೇಳಿದ್ದರಲ್ಲಿ ಕಪಟವಿರಲಿಲ್ಲ. ಕಪಟವಿದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸಂಪಾದಕಿ ಆ ಪುಟವನ್ನು ಗೋಡೆಗೆ ಅಂಟಿಸಿದರು. ಭಾನುವಾರ ಬೆಳಗಿನ ಮ್ಯಾಟಿನೆಗೆ ಹೈಡೆಲ್‌ಬರ್ಗಿನ ಒಂದು ಚಿತ್ರಮಂದಿರದಲ್ಲಿ ಡಬ್ಬಿಯ ಬಿಡುಗಡೆ ಎಂದೂ, ಅಲ್ಲಿ ರೀಲಿನ ತುದಿಗಳ ಬಗ್ಗೆ ಅವನೇ ಹತ್ತು ನಿಮಿಷ ಮಾತಾಡಬೇಕೆಂದೂ ಗೊತ್ತಾಯಿತು.

ಮನೆಯಲ್ಲಿ ಹೆಂಡತಿಯ ಮುಂದೆ ಕಾರಿಕೊಂಡೆ. ಅವಳು ಧಾರವಾಡದವಳು, ಚಪಾತಿ ಲಟ್ಟಿಸುತ್ತಲೇ ಕೇಳಿದಳು.

"ಹೋಗಿ ಕೇಳ್ರಿ ಮತ್ತ, ನನ್ನ ಹೆಸರ ಯಾಕ ಹಾಕ್ಲಿಲ್ಲಂತ."

"ಕೇಳಾಕ ನಾ ಏನ್ ಭಿಕ್ಷಾ ಬೇಡಾವೇನ?"

"ಹಂಗಾರ ಸುಮ್ಮನ ಉಣ್ರಿ. ಹೊಟ್ಟಿ ಭಾಳ ಉರಿಯಾಕ ಹತ್ತಿದ್ರ ಮಜ್ಜಿಗಿ ಐತಿ, ಕುಡೀರಿ."

ಮಗಳು ಬಣ್ಣದ ಪೆನ್ಸಿಲ್ ಹಿಡಿದವಳು ನನ್ನ ಮುಖ ನೋಡಿ, "ಪಾಪಾ, ಬಿಸ್ಟ್ ಡು ಬ್ಯೋಸೆ?" ಎಂದಳು. ಸಿಟ್ಟಿದೆಯಾ ಎಂದು. ಇಲ್ಲ ಎಂದೆ. ಅವಳೂ ನಂಬಲಿಲ್ಲ.

ಬಿಡುಗಡೆಯ ವಾರದ ಮಂಗಳವಾರ ನಾನು ಎರಡನೇ ಚಿತ್ರದ ಡಿಸ್ಕನ್ನು ಕೊನೆಯ ಬಾರಿ ಪರೀಕ್ಷಿಸುತ್ತಿದ್ದೆ. ಅದರಲ್ಲೊಂದು ಕಡೆ ಖಾಲಿ ಮೊಗಸಾಲೆ. ಮನುಷ್ಯರಿಲ್ಲ, ಗಾಳಿಯಿಲ್ಲ, ಕ್ಯಾಮೆರಾ ಅಲುಗುವುದಿಲ್ಲ. ಗುಂಡಿ ಇರಬೇಕಾಗಿದ್ದ ಆ ಜಾಗದಲ್ಲಿ ನಕ್ಷೆಯ ಮೇಲೆ ಗುಡ್ಡ. ಮೆಷಿನ್ನು ತಪ್ಪಿತೇ ಎಂದು ಮತ್ತೆ ಓಡಿಸಿದೆ. ಅದೇ ಗುಡ್ಡ. ಪರದೆಗೆ ಮೂಗು ತಾಗಿಸಿ ನೋಡಿದಾಗ ಕಾರಣ ಕಂಡಿತು. ಫಿಲ್ಮಿನ ಮೈಮೇಲೆ ಸಣ್ಣ ಕಾಳುಗಳು ಸದಾ ಇರುವೆಗಳ ಹಾಗೆ ಹರಿದಾಡುತ್ತಿರುತ್ತವೆ. ಮೊಗಸಾಲೆ ಸುಮ್ಮನಿದ್ದರೂ ಕಾಳು ಸುಮ್ಮನಿರುವುದಿಲ್ಲ. ಮೆಷಿನ್ನಿಗೆ ಅದೂ ಚಲನೆಯೇ.

ಹಾಗಾದರೆ ಮೊದಲ ಚಿತ್ರದ ರೀಲಿನ ತುದಿಗಳಲ್ಲಿ ಬಾವಿಯಂಥ ಗುಂಡಿ ಹೇಗೆ ಬಂತು?

ಮೂರನೇ ರೀಲಿನ ಕೊನೆಯ ಎರಡು ಸೆಕೆಂಡನ್ನು ತೆಗೆದು ಒಂದೊಂದೇ ಚೌಕಟ್ಟಾಗಿ, ಫ್ರೇಮ್ ಫ್ರೇಮ್ ಆಗಿ, ಸರಿಸಿದೆ. ಟೇಪಿನಲ್ಲಿ ಸೆಕೆಂಡಿಗೆ ಇಪ್ಪತ್ತೈದರಂತೆ ಐವತ್ತು ಚೌಕಟ್ಟು. ನಾಯಕನ ಭುಜದ ಪಕ್ಕದಲ್ಲಿ ಒಂದು ಧೂಳಿನ ಚುಕ್ಕೆ. ಧೂಳು ಒಂದು ಚೌಕಟ್ಟಿನಲ್ಲಿ ಬಂದು ಮುಂದಿನದರಲ್ಲಿ ಇರುವುದಿಲ್ಲ. ಕ್ಯಾಬಿನ್ನಿನಲ್ಲಿ ಒಂದು ವಾರ ಕೂತವನಿಗೂ ಅದು ಗೊತ್ತು. ಈ ಚುಕ್ಕೆ ಐವತ್ತರಲ್ಲೂ ಅದೇ ಜಾಗದಲ್ಲಿತ್ತು. ನಾಯಕ ನಿಂತಿರಲಿಲ್ಲ. ಒಂದೇ ಚೌಕಟ್ಟನ್ನು ಐವತ್ತು ಸಲ ಅಚ್ಚೊತ್ತಿದ್ದರು.

ಆಮೇಲೆ ಬಿಡಿಸಿಕೊಳ್ಳುವುದು ಕಷ್ಟವಾಗಲಿಲ್ಲ. ಹಿಂದೆ ಟೀವಿಯವರು ಈ ಚಿತ್ರವನ್ನು ಟೇಪಿಗೆ ಇಳಿಸುವಾಗ ಸಿಕ್ಕ ಪ್ರಿಂಟಿನ ರೀಲು ತುದಿಗಳು ಎಲ್ಲ ಊರುಗಳಂತೆ ಇಲ್ಲೂ ಹರಿದಿದ್ದವು. ಜರ್ಮನ್ ಮಾತಿನ ಧ್ವನಿಪಟ್ಟಿ ಮಾತ್ರ ಪೂರ್ತಿ ಉದ್ದವಿತ್ತು. ಕಳೆದುಹೋದ ಎರಡೆರಡು ಸೆಕೆಂಡು ತುಂಬದಿದ್ದರೆ ತುಟಿಗೂ ಮಾತಿಗೂ ಹೊಂದುವುದಿಲ್ಲ. ಉಳಿದ ಕೊನೆಯ ಚೌಕಟ್ಟನ್ನೇ ಹಿಡಿದು ನಿಲ್ಲಿಸಿ ತುಂಬಿದ್ದರು. ಆ ಮಹಾಶಯ ಯಾವ ಆಪರೇಟರನಿಗೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವನು ಶ್ರದ್ಧೆಯಿಂದ ಚಿತ್ರಿಸಿದ್ದನ್ನು ನಮ್ಮ ಕಾಕಾನಂಥವರು ಹರಿದುಕೊಂಡಿದ್ದರು, ಅಷ್ಟೇ. ಹಾಲಿವುಡ್ಡಿನಲ್ಲಿ ಕೂತ ಒಬ್ಬ ಮನುಷ್ಯ ಗದಗಿನ ಕ್ಯಾಬಿನ್ನಿನ ಬಗ್ಗೆ ಯೋಚಿಸಿದ್ದಾನೆಂದು ನಂಬಲು ಗದಗಿನವನೇ ಬೇಕಿತ್ತು.

ಮೊದಲು ನಾಚಿಕೆಯಾಯಿತು. ದಿನವಿಡೀ ಆ ನಕ್ಷೆಯ ಮುಂದೆ ಕೂರುವವನು ಗುಂಡಿ ಅಷ್ಟು ಆಳವೇಕೆ ಎಂದು ಕೇಳಿಕೊಳ್ಳಲಿಲ್ಲವಲ್ಲ. ಆಮೇಲೆ, ತಲೆ ಎತ್ತಿದಾಗ, ಎದುರಿನ ಮೇಜಿನಲ್ಲಿ ಅವನು ಭಾನುವಾರದ ಭಾಷಣ ತಿದ್ದುತ್ತಾ ಕೂತಿದ್ದ. ಪುಸ್ತಕದಲ್ಲಿ ಈ ತಪ್ಪು ಊಹೆಯ ಕೆಳಗೆ ಇರುವ ಹೆಸರು ಅವನದು ಎಂಬುದು ಆಗ ನೆನಪಾಯಿತು. ನನ್ನ ಹೆಸರಿಲ್ಲ. ದೇವರ ದಯ, ಎಲ್ಲೂ ಇಲ್ಲ.

ಮ್ಯಾಟಿನೆಗೆ ಪತ್ರಿಕೆಯವರು ಬರುತ್ತಿದ್ದರು. ನಲವತ್ತು ವರ್ಷ ರೀಲುಗಳ ನಡುವೆಯೇ ಇದ್ದು ನಿವೃತ್ತರಾದ ಒಬ್ಬ ಚಿತ್ರಭಂಡಾರದ ಹಿರಿಯರನ್ನೂ ಸಂಪಾದಕಿ ಕರೆದಿದ್ದರು. ದೊಡ್ಡ ಪರದೆಯ ಮೇಲೆ ಆ ತುಣುಕು ಹಾಕಿದ ಕೂಡಲೇ ಆ ಮುದುಕ ಎದ್ದು ನಿಂತು, "ಯುವಕರೇ, ಇದು ಟೇಪಿನ ತೇಪೆ" ಎನ್ನುವುದು ಖಂಡಿತ. ಆ ದೃಶ್ಯ ನೆನೆಸಿಕೊಂಡು ನನಗೆ ಬಾಯಲ್ಲಿ ನೀರೂರಿತು. ಸೋಮವಾರ ಸಂಪಾದಕಿ ಇಬ್ಬರಲ್ಲಿ ಯಾರನ್ನು ಇಟ್ಟುಕೊಳ್ಳುತ್ತಾರೆಂದು ಹೇಳಬೇಕಾಗಿಯೇ ಇರಲಿಲ್ಲ. ನಾನು ಮಾಡಬೇಕಾದದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು.

ಮುಚ್ಚಿಕೊಂಡೆ. ಬುಧವಾರ ಅವನು ಭಾಷಣದ ಒಂದು ಸಾಲು ಓದಿ, "ಹೇಗಿದೆ ಗುರು?" ಎಂದು ಕೇಳಿದಾಗ "ಬರೋಬ್ಬರಿ ಐತಿ" ಎಂದೆ. ಗುರುವಾರ ಹೆಂಡತಿ, "ಏನ್ರಿ, ಉರಿ ಇಳೀತಂತ ಕಾಣ್ತೈತಿ" ಎಂದಳು. ಎರಡು ಚಪಾತಿ ಜಾಸ್ತಿ ತಿಂದಿದ್ದೆ. ಅವಳಿಗೂ ಹೇಳಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಸಂಪಾದಕಿಯ ಕೋಣೆಯಲ್ಲಿ ಭಾಷಣದ ತಾಲೀಮು. ತುಣುಕುಗಳನ್ನು ಹೊತ್ತಿಗೆ ಸರಿಯಾಗಿ ಓಡಿಸಲು ನಾನೂ ಇರಬೇಕಿತ್ತು. ಅವನು ಕಿಟಕಿಯ ಬಳಿ ನಿಂತು ಜರ್ಮನ್ನಿನಲ್ಲಿ ಶುರುಮಾಡಿದ. ಆ ಮನುಷ್ಯನ ವರದಿಗಾರಿಕೆ, ಕಥಾ ವಿಭಾಗ, ನಿರ್ಮಾಪಕನ ಕುರ್ಚಿ, ಎಲ್ಲ ಬಂತು. ನಾನು ಒಳಗೊಳಗೇ ಎಣಿಸುತ್ತಿದ್ದೆ: ಹೇಳಪ್ಪಾ, ಹೇಳು, ಭಾನುವಾರವೂ ಹೀಗೇ ಗಟ್ಟಿಯಾಗಿ ಹೇಳು. ಆಮೇಲೆ ಅವನು ದನಿ ತಗ್ಗಿಸಿ, ಪುಸ್ತಕದಲ್ಲಿ ಇಲ್ಲದ ಒಂದು ಮಾತು ಸೇರಿಸಿದ.

"ನಮ್ಮ ಕಡೆಯ ಸಣ್ಣ ಊರೊಂದರ ಟಾಕೀಸಿನಲ್ಲಿ ಒಬ್ಬ ಹಳೆಯ ಆಪರೇಟರ್ ಇದ್ದ. ಕತ್ತರಿ ಹಿಡಿದುಕೊಂಡು ಅವನು ನನಗೆ ಹೇಳುತ್ತಿದ್ದ, ಜಾಣ ಬರಹಗಾರ ರೀಲಿನ ಬಾಲವನ್ನು ನಮಗೆಂದು ಬಿಟ್ಟಿರುತ್ತಾನೆ..."

ಸಂಪಾದಕಿ ಮುಗುಳ್ನಕ್ಕರು. ನಾನು ಆ ಹೆಂಗಸು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

"ಏಯ್!" ಎಂದು ಎದ್ದು ನಿಂತೆ. ಕೈಯಲ್ಲಿದ್ದ ರಿಮೋಟ್ ನೆಲಕ್ಕೆ ಬಿತ್ತು. "ಅಂವ ನಮ್ಮ ಕಾಕಾ!"

"ಗುರು, ಅದು... ಸ್ಟೇಜ್ ಮೇಲೆ ಸ್ವಲ್ಪ ಕನೆಕ್ಟ್ ಆಗ್ಲಿ ಅಂತ..."

"ನೀ ಯಾವಾಗ ನೋಡಿದ್ಯೋ ನಮ್ಮ ಕಾಕಾನ್ನ? ಗದಗಿಗೆ ಒಮ್ಮೆರೆ ಕಾಲಿಟ್ಟೀ ಏನ? ಬಾಲದ ವಿಚಾರ ನಂದು. ಬರದಾಂವ ನೀ ಇರಬಹುದು, ವಿಚಾರ ನಂದು. ಕಾಕಾನೂ ನನ್ನಾವ. ಮತ್ತ ಅದೆಲ್ಲಾ ತಪ್ಪೈತಿ, ಗೊತ್ತೈತೇನ? ಪೂರಾ ತಪ್ಪು!"

ಹೇಳಿಬಿಟ್ಟಿದ್ದೆ. ಮೂರು ದಿನ ಹಲ್ಲು ಕಚ್ಚಿ ಹಿಡಿದುಕೊಂಡದ್ದು ಕಾಕಾನ ಹೆಸರಿಗೆ ಜಾರಿತು. ಒಳ್ಳೆಯತನ 'ಇವನನ್ನು ಉಳಿಸು' ಎಂದು ನನ್ನ ಕೈ ಜಗ್ಗಿತೆಂದು ಯಾರೂ ತಿಳಿಯಬೇಡಿ. ನನ್ನದನ್ನು ಅವನು ಇನ್ನೂ ಒಂದಿಷ್ಟು ಎತ್ತಿಕೊಂಡದ್ದು ಸಹಿಸಲಾಗಲಿಲ್ಲ.

ಸಂಪಾದಕಿಗೆ ಕನ್ನಡ ಬಾರದಿದ್ದರೂ ಜಗಳ ಅರ್ಥವಾಗಿತ್ತು. "ಏನಿದು?" ಎಂದರು. ನನ್ನ ಹರಕು ಜರ್ಮನ್ನಿನಲ್ಲಿ ಮೊದಲಿನಿಂದ ಹೇಳಿದೆ. ಅವರನ್ನು ನನ್ನ ಮೆಷಿನ್ನಿನ ಮುಂದೆ ಕೂರಿಸಿ ಮೊಗಸಾಲೆಯ ಗುಡ್ಡ ತೋರಿಸಿದೆ, ರೀಲಿನ ತುದಿಯ ಗುಂಡಿ ತೋರಿಸಿದೆ. ಧೂಳಿನ ಚುಕ್ಕೆಯ ಮೇಲೆ ಪೆನ್ಸಿಲ್ ತುದಿ ಇಟ್ಟು ಐವತ್ತು ಚೌಕಟ್ಟು ಸರಿಸಿದೆ. ಚುಕ್ಕೆ ಪೆನ್ಸಿಲ್ ತುದಿ ಬಿಟ್ಟು ಕದಲಲಿಲ್ಲ. ಮೈಸೂರಿನವನು ನನ್ನ ಕುರ್ಚಿಯ ಹಿಂದೆ ನಿಂತು ಕೊನೆಯ ಚೌಕಟ್ಟಿನ ತನಕ ನೋಡಿದ.

"ನಾನು ಪರೀಕ್ಷಿಸದೆ ಬರೆದೆ. ತಪ್ಪು ನನ್ನದು" ಎಂದು ಅವರಿಗೆ ಜರ್ಮನ್ನಿನಲ್ಲಿ ಹೇಳಿದ. ನೋಡಿ, ಅದನ್ನೂ ನನಗಿಂತ ಮೊದಲು, ನನಗಿಂತ ಚೆನ್ನಾಗಿ ಹೇಳಿದ.

ಸಂಪಾದಕಿ ನನ್ನ ಕಡೆ ತಿರುಗಿದರು. "ಅದ್ಭುತವಾಗಿ ಕಂಡುಹಿಡಿದಿದ್ದೀರಿ. ಯಾವಾಗ ಗೊತ್ತಾಯಿತು?"

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಆದರೆ ಫೈಲಿನ ಮೇಲೆ ದಿನ, ಗಂಟೆ ಎಲ್ಲ ಇರುತ್ತದೆ, ಅವರು ಅದನ್ನೇ ನೋಡುತ್ತಿದ್ದರು.

"ಮಂಗಳವಾರ."

"ಇವತ್ತು ಶುಕ್ರವಾರ."

ಅವರು ಮೆಷಿನ್ನಿನ ಮುಂದಿನಿಂದ ಎದ್ದರು. "ನಾಲ್ಕು ಚಿತ್ರಗಳನ್ನು ಒಬ್ಬರ ಕೈಗೆ ಕೊಟ್ಟು ನಾನು ಮನೆಗೆ ಹೋಗಿ ನೆಮ್ಮದಿಯಿಂದ ಇರಬೇಕು" ಎಂದರು. "ತಪ್ಪು ಬರೆದವರ ಜೊತೆ ಕೆಲಸ ಮಾಡಬಲ್ಲೆ. ಮೂರು ದಿನ ನೋಡುತ್ತಾ ಕೂತವರ ಜೊತೆ ಕಷ್ಟ." ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ ಮೇಲೆ ತಮ್ಮ ಕೋಣೆಗೆ ಹೋಗಿ, ಕೆಳಗೆ ಬಿದ್ದಿದ್ದ ರಿಮೋಟ್ ಎತ್ತಿ ತಂದು ನನ್ನ ಕೈಗೆ ಕೊಟ್ಟರು. ಎರಡು ತಿಂಗಳಾದ ಮೇಲೆ ನನಗೆ ರೇಗನ್ಸ್‌ಬರ್ಗಿನ ಒಂದು ಕಾರು ಭಾಗಗಳ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ಎರಡು ತಿಂಗಳು ಹೇಗೆ ಕಳೆದವೆಂದು ನನ್ನ ಹೆಂಡತಿಯನ್ನು ಕೇಳಬೇಕು.

ಡಿಸ್ಕನ್ನು ಬದಲಿಸಬೇಕಿರಲಿಲ್ಲ, ಪದರ ದಾಟಲು ಆ ಜಾಗ ಈಗಲೂ ಒಳ್ಳೆಯದೇ. ಪುಸ್ತಕ ಮಾತ್ರ ಮುದ್ರಣವಾಗಿ, ಡಬ್ಬಿಗಳೊಳಗೆ ಕೂತಾಗಿತ್ತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಕಿರಲಿಲ್ಲ ಎಂಬುದೊಂದೇ ಪುಣ್ಯ. ತಿದ್ದುಪಡಿಯ ಚೀಟಿ ಅಚ್ಚುಹಾಕಿಸಿ ಒಂದೊಂದರಲ್ಲೂ ಸೇರಿಸುವುದೆಂದು ಸಂಪಾದಕಿ ತೀರ್ಮಾನಿಸಿದರು. ಶನಿವಾರ ಬೆಳಿಗ್ಗೆ ಮೂವರೂ ಉಗ್ರಾಣದಲ್ಲಿ ಸೇರಿದೆವು. ಅವರು ಬರೆದ ಕರಡು ನಾಲ್ಕು ಸಾಲಿನದು: ಹನ್ನೊಂದನೇ ಪುಟದಲ್ಲಿ ಹೇಳಿದ ನಿಶ್ಚಲತೆ ನಿರ್ದೇಶಕನದಲ್ಲ, ಟೇಪಿಗೆ ಇಳಿಸುವಾಗ ಸೇರಿದ್ದು, ಓದುಗರು ಕ್ಷಮಿಸಬೇಕು. ಕೆಳಗೆ "ಪ್ರಕಾಶಕರು" ಎಂದಿತ್ತು.

"ಆ ಊಹೆಯನ್ನು ಮಾಡಿದವನೂ ತಪ್ಪನ್ನು ಕಂಡುಹಿಡಿದವನೂ ನಾನೇ ಎಂದು ನನ್ನ ಹೆಸರು ಹಾಕಿ" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಇಂಥ ಚೀಟಿಯಿಂದ ಹೆಸರು ತೆಗೆಯಿರಿ ಎನ್ನುವವರನ್ನು ನೋಡಿದ್ದೇನೆ. ಹಾಕಿ ಎನ್ನುವವರು ನೀವೇ ಮೊದಲು." ಆದರೂ ಬರೆದರು, ಅಕ್ಷರ ಸರಿಯೇ ಎಂದು ನನಗೇ ತೋರಿಸಿ, ಮುದ್ರಣಕ್ಕೆ ಕಳಿಸಲು ಫೋನಿನ ಕಡೆ ಹೋದರು.

ಮೈಸೂರಿನವನು ಕರಡನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದ. ಅವನ ಮುಖ ಬಾಡಿತ್ತು. "ಗುರು, ನನ್ ಹೆಸ್ರೂ ಹಾಕ್ಸು. ಬರ್ದಿದ್ದು ನಾನಲ್ವಾ? ಕೆಲ್ಸಾನೂ ನಿಂದೇ ಹೋಯ್ತು, ಈಗ ತಪ್ಪೂ ನಿನ್ನೊಬ್ಬನ್ದೇ ಅಂತ ಯಾಕೆ ಆಗ್ಬೇಕು? ಇಬ್ರದ್ದೂ ಇರ್ಲಿ ಕಣೋ."

ನಿಜವಾಗಿ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

"ಪುಸ್ತಕದಾಗ ನಿನ್ನ ಹೆಸರೈತಿ. ಮುಂದಿನ ನಾಕರಾಗೂ ಇರ್ತೈತಿ" ಎಂದೆ. "ಇದೊಂದು ನನಗ ಬಿಡು." ಕರಡನ್ನು ಅವನ ಕೈಯಿಂದ ತೆಗೆದುಕೊಂಡೆ.

ಮಧ್ಯಾಹ್ನಕ್ಕೆ ಚೀಟಿಗಳು ಬಂದವು. ನಾಲ್ಕು ಗಂಟೆಯವರೆಗೆ ಮೂವರೂ ಡಬ್ಬಿ ತೆರೆದು, ಚೀಟಿ ಸೇರಿಸಿ, ಮುಚ್ಚುತ್ತಾ ಕೂತೆವು. ಅವನು ಮುಚ್ಚಿಟ್ಟ ಡಬ್ಬಿಗಳನ್ನು ನಾನು ಮತ್ತೆ ತೆರೆದು ನೋಡುತ್ತಿದ್ದೆ, ಹೆಸರಿರುವ ಬದಿ ಮೇಲೆ ಬರುವ ಹಾಗೆ ಇಟ್ಟಿದ್ದಾನೋ ಇಲ್ಲವೋ ಎಂದು.